ಕವಡೆ, ಕನ್ನಡಿ, ಕೂಲಿ: ದಿನಚರಿಯ ಪುಟಗಳು

2 ಜನವರಿ 2024, ಮಂಗಳವಾರ
ಕಾಚಿಗುಡ, ಹೈದರಾಬಾದ್

ಮಧ್ಯಾಹ್ನದ ಹೊತ್ತಿಗೆ ಮೂವರೂ ಬಂದಿಳಿದರು. ಯಾಡಿ, ಅವಳ ಸೊಸೆ, ತಾಂಡೂರಿನ ಕಡೆ ಕೊಟ್ಟ ಮಗಳು. ನಾನು ಚಿಂಚೋಳಿಯ ಬ್ಯಾಂಕಿನಲ್ಲಿ ಸ್ವಸಹಾಯ ಗುಂಪುಗಳ ಸಾಲ ನೋಡಿಕೊಳ್ಳುತ್ತಿದ್ದಾಗ ಇವರ ತಾಂಡಾದ ಗುಂಪಿನ ಖಾತೆ ತೆರೆದದ್ದು. ಆಗಲೂ ಎಲ್ಲರೂ ಅವಳನ್ನು ಯಾಡಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ನಿವೃತ್ತಳಾಗಿ ಮಗನ ಊರಿಗೆ ಬಂದು ಕೂತರೂ ಆ ನಂಟು ಬಿಟ್ಟಿಲ್ಲ.

ಬಂದವರೇ ಬಸ್ಸಿನ ಜಗಳ ಹೇಳಿ ನಕ್ಕರು. ಊರಿಂದ ಚಿಂಚೋಳಿವರೆಗೆ ಯಾಡಿಗೂ ಸೊಸೆಗೂ ‘ಶಕ್ತಿ’ ಟಿಕೆಟ್ಟು, ಪುಕ್ಕಟೆ. ಅಲ್ಲಿಂದ ತಾಂಡೂರಿನ ಬಸ್ಸು ಬೇರೆ ರಾಜ್ಯಕ್ಕೆ ಹೋಗುವುದರಿಂದ ರೊಕ್ಕ ಕೊಡಬೇಕು. ತಾಂಡೂರಿನಲ್ಲಿ ಮಗಳು ಹತ್ತಿಕೊಂಡಳು, ಅವಳಿಗೆ ಝೀರೋ ಟಿಕೆಟ್. ಡಿಸೆಂಬರ್ 9ರಿಂದ ತೆಲಂಗಾಣದ ಹೆಂಗಸರಿಗೆ ಇಲ್ಲಿಯ ಬಸ್ಸೂ ಪುಕ್ಕಟೆ. ಒಂದೇ ಸೀಟಿನಲ್ಲಿ ಕೂತ ತಾಯಿಗೆ ಪೂರಾ ಚಾರ್ಜು. “ಹಡದಾಕಿಗೆ ರೊಕ್ಕ, ಹುಟ್ಟಿದಾಕಿಗೆ ಪುಕ್ಕಟ. ಇದ್ಯಾವ ನ್ಯಾಯ ರೀ ಅಕ್ಕಾರ?” ಅಂದಳು ಯಾಡಿ.

ನ್ಯಾಯ ಬಸ್ಸಿನದ್ದಷ್ಟೇ ಅಲ್ಲ. ಯಾಡಿಯ ಜನ, ಲಂಬಾಣಿಗರು, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. 1976ರ ಕಾಯ್ದೆಯಿಂದ ಈಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಇಡೀ ದಖ್ಖನ್ ತಿರುಗಿದವರ ಮೊಮ್ಮಕ್ಕಳಿಗೆ ಈಗ ಗಡಿಗೊಂದು ಹೆಸರು. ಹೆಂಗಸರ ಕಸೂತಿ ಹೊಲಿಗೆ ಮಾತ್ರ ಎಲ್ಲ ಕಡೆಯೂ ಒಂದೇ.

ಆ ಹೊಲಿಗೆಯ ಮಾಲು ಮಾರಲು ನಾಳೆಯಿಂದ ನಾಂಪಲ್ಲಿಯ ನುಮಾಯಿಷ್ ಸಂತೆಯಲ್ಲಿ ಕೂರುತ್ತಾರೆ. ಸ್ವಂತ ಮಳಿಗೆ ಹಿಡಿಯುವ ಶಕ್ತಿ ಇಲ್ಲ. ಒಂದು ಮಹಿಳಾ ಸಂಘದ ಮಳಿಗೆಯಲ್ಲಿ ಎರಡು ಮೇಜಿನ ಜಾಗ ಸಿಕ್ಕಿದೆ.

7 ಜನವರಿ, ಭಾನುವಾರ

ನಾಂಪಲ್ಲಿಯ ಮೈದಾನದಲ್ಲಿ ಇವತ್ತು ಕಾಲಿಡಲು ಜಾಗ ಇರಲಿಲ್ಲ. 1938ರಲ್ಲಿ ಉಸ್ಮಾನಿಯಾದ ಪದವೀಧರರು ಸೇರಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಹಚ್ಚಿದ ಸಂತೆ ಇದು. 1946ರಲ್ಲಿ ಈ ಮೈದಾನಕ್ಕೆ ಬಂತು. ಬಾಡಿಗೆ, ಟಿಕೆಟ್ಟುಗಳಿಂದ ಬಂದ ಹಣದಲ್ಲಿ ಎಕ್ಸಿಬಿಷನ್ ಸೊಸೈಟಿ ಶಾಲೆ ಕಾಲೇಜುಗಳನ್ನು ನಡೆಸುತ್ತದೆ. ಪಕ್ಕದಲ್ಲೇ ಇರುವ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಅದರದ್ದೇ. ಸಂತೆಯ ಲಾಭದಿಂದ ಹೆಣ್ಣುಮಕ್ಕಳ ಕಾಲೇಜು ನಡೆಯುತ್ತದೆ ಎಂದು ಹೇಳಿದಾಗ ಸೊಸೆ ನಂಬಲಿಲ್ಲ. ಕರೆದುಕೊಂಡು ಹೋಗಿ ಗೇಟು ತೋರಿಸಿದೆ.

ಮೇಜಿನ ಮೇಲಿರುವುದು: ದಿಂಬಿನ ಕವರು, ಜೋಳಿಗೆ, ಕವಡೆ ಕಟ್ಟಿದ ಸೊಂಟಪಟ್ಟಿ, ಮಣಿಸರ, ಬಾಗಿಲಿಗೆ ತೋರಣ. ಜನ ನಿಲ್ಲುತ್ತಾರೆ, ಮುಟ್ಟುತ್ತಾರೆ, ಫೋಟೊ ಹೊಡೆಯುತ್ತಾರೆ. “ಕಿತ್ನೇ ಕಾ ಹೈ ಅಮ್ಮಾ?” ಒಂಬೈನೂರ ಐವತ್ತು ಅಂದರೆ “ಅರೆ, ನಕ್ಕೋ” ಎಂದು ಹಿಂದಕ್ಕಿಡುತ್ತಾರೆ. ಕಾರಿನಿಂದ ಇಳಿದು ಬಂದ ಒಬ್ಬಾಕೆ ನಾನೂರಕ್ಕೆ ಕೇಳಿದಳು. ಕೊಡಲಿಲ್ಲ ಎಂದು, “ಪಾಪ, ಇವರಿಗೆ ಸಪೋರ್ಟ್ ಮಾಡೋಣ ಅಂತ ಬಂದೆ” ಎಂದು ಇಂಗ್ಲಿಷಿನಲ್ಲಿ ಗೆಳತಿಗೆ ಹೇಳಿ ಹೋದಳು.

ಆ ಮಾತು ರಾತ್ರಿವರೆಗೂ ಕೊರೆಯಿತು. ಒಂಬೈನೂರ ಐವತ್ತು ಎಲ್ಲಿಂದ ಬಂತು ಅಂತ ಅವಳು ಕೇಳಲೇ ಇಲ್ಲ. ಕೇಳಿದ್ದರೆ ವಹಿ ತೋರಿಸುತ್ತಿದ್ದೆ. ಹೋದ ದೀಪಾವಳಿಯಿಂದ ಸೊಸೆ ಒಂದು ನೋಟುಪುಸ್ತಕದಲ್ಲಿ ಯಾವ ಮಾಲಿಗೆ ಯಾರು ಎಷ್ಟು ತಾಸು ಕೂತರು ಎಂದು ಬರೆದಿಡುತ್ತಿದ್ದಾಳೆ. ಹದಿನೆಂಟು ತಾಸಿನ ದಿಂಬಿನ ಕವರು ಅದು. ತಾಸಿಗೆ ಎಷ್ಟು ಹಿಡಿಯಬೇಕು? ಯಾಡಿ ಹೇಳಿದ ಉತ್ತರ ಸರಳ: “ಖಾತ್ರಿ ಕೆಲಸಕ್ಕ ಹೋದ್ರ ಎಷ್ಟು ಕೊಡ್ತಾರ? ಅದಕ್ಕಿಂತ ಕಡಿಮಿ ಆದ್ರ ನಾ ಯಾಕ ಸೂಜಿ ಹಿಡೀಲಿ?” ಕರ್ನಾಟಕದಲ್ಲಿ ಈ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 316 ರೂಪಾಯಿ. ಎಂಟು ತಾಸಿಗೆ ಹಂಚಿದರೆ ತಾಸಿಗೆ ನಲವತ್ತರ ಹತ್ತಿರ. ಕೂಲಿಯೇ ಏಳುನೂರು ದಾಟಿತು. ಬಟ್ಟೆ, ದಾರ, ಕನ್ನಡಿ, ಮಣಿಗೆ ನೂರ ಹತ್ತು. ಮಿಕ್ಕಿದ್ದರಲ್ಲಿ ಮೇಜಿನ ಬಾಡಿಗೆ, ಬಸ್ಸು, ಗುಂಪಿನ ಪೆಟ್ಟಿಗೆಗೆ ಮೂವತ್ತು. ಮಣ್ಣು ಹೊರುವ ಕೂಲಿಯಷ್ಟೇ ಕೇಳಿದ್ದು. ಕಲೆಗೆಂದು ಇನ್ನೂ ಒಂದು ಪೈಸೆ ಹಾಕಿಲ್ಲ.

11 ಜನವರಿ, ಗುರುವಾರ

ಮಳಿಗೆ ತೆರೆಯುವುದು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಬೇಗಂ ಬಜಾರಿಗೆ ಹೋಗಿ ಸಾಮಾನು ತಂದೆವು. ಮಣಿ ತೂಕಕ್ಕೆ, ಕವಡೆ ತೂಕಕ್ಕೆ, ಕನ್ನಡಿ ಬಿಲ್ಲೆ ಡಬ್ಬಿಗೆ. ತಾಂಡೂರಿನ ಮಗಳು ಮಣಿಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಒಂದನ್ನು ಹಲ್ಲಿಗೆ ತಾಗಿಸಿ ನೋಡಿದಳು. ಗಾಜಿನದು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಬೆಚ್ಚಗೆ. ತೊಳೆದರೆ ಬಣ್ಣ ಬಿಡುವುದನ್ನೂ ಅಂಗಡಿಯಲ್ಲೇ ಒದ್ದೆ ಸೆರಗಿನಲ್ಲಿ ಪರೀಕ್ಷಿಸಿದಳು. ಅಂಗಡಿಯವನಿಗೆ ಸಿಟ್ಟು ಬಂದರೂ ಮಾಲು ಬದಲಿಸಿ ಕೊಟ್ಟ.

ಈ ಮಣಿಗಳು ಹೆಚ್ಚಾಗಿ ಉತ್ತರ ಪ್ರದೇಶದ ಪುರ್ದಿಲ್‌ನಗರ, ಫಿರೋಜಾಬಾದ್ ಕಡೆಯವು. ದುಬಾರಿಯವು ಚೆಕ್ ದೇಶದ ಯಾಬ್ಲೊನೆತ್ಸ್ ಊರಿನವು. ಸಾಲಲ್ಲಿಟ್ಟರೆ ಒಂದರ ಪಕ್ಕ ಒಂದು ಸಮನಾಗಿ ಕೂರುತ್ತವೆ. ಕಸೂತಿಯ ಕನ್ನಡಿಗೆ ಗುಜರಾತಿನ ಕಪಡವಂಜದ ಹೆಸರು ದೊಡ್ಡದು. ಒಂದು ಕಾಲಕ್ಕೆ ಮಣಿಯ ದಾರಿ ಈ ಸೀಮೆಯಿಂದಲೇ ಹೊರಡುತ್ತಿತ್ತು. ಆಂಧ್ರದಲ್ಲಿ ತಿರುಪತಿಯ ಹತ್ತಿರದ ಪಾಪಾನಾಯುಡುಪೇಟೆಯಲ್ಲಿ ಗಾಜನ್ನು ಕೊಳವೆಯಾಗಿ ಎಳೆದು ತುಂಡರಿಸಿ ಮಣಿ ಮಾಡುವ ಪ್ರಾಚೀನ ವಿಧಾನ ಈಚಿನವರೆಗೂ ಉಳಿದಿತ್ತು. ಅದೇ ವಿಧಾನದಲ್ಲಿ ದಕ್ಷಿಣ ಭಾರತದಲ್ಲಿ ಆದ ಮಣಿಗಳು ಹಡಗೇರಿ ಆಫ್ರಿಕಾದ ಪೂರ್ವ ತೀರದವರೆಗೂ ಹೋಗಿದ್ದವು. ಯಾಡಿಗೆ ಇದನ್ನು ಹೇಳಿದೆ. “ಆವಾಗ ಹೊತ್ತೊಯ್ದಾವ್ರು ನಮ್ಮೋರೇ ಇರ್ಬೇಕು” ಅಂದಳು. ಬಂದರಿನವರೆಗಾದರೂ ಇರಬಹುದು.

15 ಜನವರಿ, ಸೋಮವಾರ, ಸಂಕ್ರಾಂತಿ

ನೈರೋಬಿಯಲ್ಲಿರುವ ನನ್ನ ಮಗಳ ವಿಡಿಯೊ ಕರೆ. ಎಳ್ಳುಬೆಲ್ಲದ ತಟ್ಟೆ ತೋರಿಸಿದ ಮೇಲೆ ಮೂವರನ್ನೂ ಫೋನಿನ ಮುಂದೆ ಕೂರಿಸಿದೆ. ಅವಳು ಮಸಾಯಿ ಮಾರುಕಟ್ಟೆಯಿಂದ ತಂದ ಕೊರಳಪಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿದಳು. ಅಗಲವಾದ ಚಕ್ರ, ಕೆಂಪು, ಬಿಳಿ, ನೀಲಿ, ಕಿತ್ತಳೆ ಸುತ್ತುಗಳು. ನೈರೋಬಿಯಲ್ಲಿ ಆ ಸಂತೆ ವಾರದ ಒಂದೊಂದು ದಿನ ಒಂದೊಂದು ಜಾಗದಲ್ಲಿ ಕೂಡುತ್ತದಂತೆ. ಅಲ್ಲಿಯ ದನಗಾಹಿ ಮಸಾಯಿ ಜನರಲ್ಲೂ ಮಣಿ ಪೋಣಿಸುವವರು ಹೆಂಗಸರೇ. ಮಣಿಯೂ ಅದೇ ಚೆಕ್ ದೇಶದ್ದು. ಗಾಜು ಬರುವ ಮೊದಲು ಬೀಜ, ಎಲುಬು, ಚಿಪ್ಪು, ಕಬ್ಬಿಣ.

ಯಾಡಿ ಕಣ್ಣು ಕಿರಿದು ಮಾಡಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಅದಕ್ಕ ಆಕಿಗೆ ಎಷ್ಟು ಕೊಟ್ಟಿ?” ಮಗಳು ಹೇಳಿದಳು. “ಮಾಡಿದಾಕಿ ಕೈಗೋ, ನಡುವಿನ ಅಂಗಡ್ಯಾವಗೋ?” ಮಗಳಿಗೆ ಉತ್ತರ ಗೊತ್ತಿರಲಿಲ್ಲ.

ಆಮೇಲೆ ಮಗಳು ಒಂದಿಷ್ಟು ಸಂಗತಿ ಹೇಳಿದಳು. ಎರಡು ವರ್ಷದ ಹಿಂದಿನ ಬರದಲ್ಲಿ ಕಜಿಯಾಡೊ ಸೀಮೆಯಲ್ಲಿ ದನಗಳು ರಾಶಿ ರಾಶಿ ಸತ್ತವು. ಮಸಾಯಿ ಗಂಡಸಿನ ಆಸ್ತಿ ದನ. ಅದು ಹೋದಾಗ ಎಷ್ಟೋ ಮನೆಗಳಲ್ಲಿ ಹಿಟ್ಟು ತಂದದ್ದು ಹೆಂಗಸಿನ ಮಣಿ. ಗುಂಪು ಕಟ್ಟಿಕೊಂಡ ಕಡೆ ಆ ಹಣದಿಂದ ನೀರಿನ ಟ್ಯಾಂಕು, ಮಕ್ಕಳ ಶಾಲೆ ಫೀಸು. ತಾಂಜಾನಿಯಾದ ಅರುಶಾದಲ್ಲಿ ಮಸಾಯಿ ಹೆಂಗಸರದ್ದೇ ಒಂದು ಸಂಸ್ಥೆ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ನಡೆಸುತ್ತದೆ. ಇನ್ನೊಂದು ಕಡೆ, ಮಸಾಯಿ ಹೊದಿಕೆಯ ಚೌಕಳಿಯನ್ನು ಲೂಯಿ ವಿಟಾನ್ ಕಂಪನಿ ತನ್ನ 2012ರ ವಸಂತ-ಬೇಸಿಗೆಯ ಉಡುಪುಗಳಿಗೆ ಬಳಸಿ ಪ್ಯಾರಿಸ್ಸಿನ ಫ್ಯಾಷನ್ ಮೆರವಣಿಗೆಗೆ ಏರಿಸಿತು. ತಮ್ಮ ಹೆಸರು, ವಿನ್ಯಾಸ ಬಳಸುವವರು ಕೇಳಿ ಬಳಸಲಿ, ಪಾಲು ಕೊಡಲಿ ಎಂದು ಮಸಾಯಿ ಹಿರಿಯರು ಸಂಘಟನೆ ಮಾಡಿಕೊಂಡಿದ್ದಾರೆ.

ಕರೆ ಮುಗಿದ ಮೇಲೆ ಸೊಸೆ ಕೇಳಿದಳು, “ನಮ್ಮ ಹೆಸರಿಗೂ ಹಂಗ ಏನರ ಐತೇನ್ರಿ?” ಇದೆ, ಆದರೆ ಸಂಡೂರಿನವರಿಗೆ. ಸಂಡೂರು ಕುಶಲ ಕಲಾ ಕೇಂದ್ರ 1984ರಿಂದ ಸುತ್ತಲ ತಾಂಡಾಗಳ ಹೆಂಗಸರಿಗೆ ಕೆಲಸ ಕೊಡುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯೂ ಬಂದಿದೆ. ಹೋದ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿ ತುಂಡುಗಳು ಗಿನ್ನೆಸ್ ದಾಖಲೆ ಸೇರಿದವು. ಕೀಲನ್, ವೇಲೆ, ಬಕ್ಯಾ, ಮಾಕಿ, ಪೋಟೆ, ನಾಕ್ರಾ ಎಂದು ಅಲ್ಲಿ ಹೆಸರಿಸುವ ಹದಿನಾಲ್ಕು ಹೊಲಿಗೆಗಳಲ್ಲಿ ಹೆಚ್ಚಿನವು ಯಾಡಿಯ ಕೈಯಲ್ಲೂ ಇವೆ. ಚಿಂಚೋಳಿಯಲ್ಲಿ ಕೂತು ಹಾಕಿದ ಹೊಲಿಗೆಗೆ ಸಂಡೂರಿನ ಚೀಟಿ ಅಂಟಿಸುವಂತಿಲ್ಲ, ಅಷ್ಟೇ.

23 ಜನವರಿ, ಮಂಗಳವಾರ

ಜೂಬಿಲಿ ಹಿಲ್ಸ್ ಕಡೆ ಬುಟಿಕ್ ಇಟ್ಟಿರುವ ಒಬ್ಬರು ಮಳಿಗೆಗೆ ಬಂದಿದ್ದರು. ಮಾತು ನಯ. ಇನ್ನೂರು ದಿಂಬಿನ ಕವರು ಬೇಕು, ಎರಡು ತಿಂಗಳಲ್ಲಿ, ಒಂದಕ್ಕೆ ಐನೂರು. ಕನ್ನಡಿಯನ್ನು ಅಂಟಿನಿಂದ ಕೂರಿಸಿ ಸುತ್ತ ಮಷೀನಿನಲ್ಲಿ ಹೊಲಿದರೂ ನಡೆಯುತ್ತದೆ. ಜೊತೆಗೆ ಹಳೆಯ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಇದ್ದರೆ ಅವೂ ಬೇಕು, ಕತ್ತರಿಸಿ ಚೀಲಕ್ಕೆ ಹಚ್ಚಲು. ಅವಕ್ಕೆ ಒಳ್ಳೆ ಬೆಲೆ.

ಹಳೆಯ ಉಡುಪಿನ ಮಾತಿಗೆ ಯಾಡಿ ತಲೆಯಾಡಿಸಿಬಿಟ್ಟಳು. ಅವಳ ಮದುವೆಯ ಫೇಟಿಯಾ ಟ್ರಂಕಿನಲ್ಲಿದೆ, ಅವಳು ಉಡುವುದು ಈಗ ಸೀರೆಯೇ. ಅವಳು ಸಣ್ಣವಳಿದ್ದಾಗ ಸ್ಟೀಲಿನ ಸಾಮಾನಿನವರು ತಾಂಡಾಕ್ಕೆ ಬಂದು ಒಂದು ಕೊಡಕ್ಕೆ ಒಂದು ಲಂಗ ಎಂದು ಬದಲು ಮಾಡಿಕೊಂಡು ಹೋಗುತ್ತಿದ್ದರಂತೆ. ಅವಳ ತಾಯಿಯದು ಹಾಗೇ ಹೋಯಿತು. ಗೋವಾದ ಅಂಜುನಾ ಸಂತೆಯಲ್ಲಿ ಗದಗ, ಹಾವೇರಿ ಕಡೆಯ ನಮ್ಮ ಲಂಬಾಣಿ ಹೆಂಗಸರು ಮಣಿ ಮಾರುತ್ತಾರಲ್ಲ, ಅಲ್ಲಿ ವಿದೇಶದವರ ಕೈಗೆ ಹೋದ ಹಳೆ ತುಂಡುಗಳಿಗೂ ಇಂಥದೇ ಕತೆ ಇರಬೇಕು.

ಆರ್ಡರಿನ ಮಾತಿಗೆ ಮೂವರೂ ತಮ್ಮ ಭಾಷೆ ಗೋರಬೋಲಿಯಲ್ಲಿ ಗುಸುಗುಸು ಮಾಡಿದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಸೊಸೆ ವಹಿ ತೆಗೆದು ಹಿಂದಿಯಲ್ಲಿ ಹೇಳಿದಳು: ಅಂಟು ಹಚ್ಚಿದ ಮಾಲು ನಾವು ಮಾಡುವುದಿಲ್ಲ, ಒಗೆದರೆ ಕನ್ನಡಿ ಬೀಳುತ್ತದೆ, ಹೆಸರು ನಮ್ಮದು ಕೆಡುತ್ತದೆ. ಕೈಯದಾದರೆ ಅರವತ್ತು ಕೊಡುತ್ತೇವೆ. ಒಂದಕ್ಕೆ ಎಂಟುನೂರ ಐವತ್ತು, ಮಳಿಗೆಯ ಬಾಡಿಗೆ ಇಲ್ಲವಾದ್ದರಿಂದ ನೂರು ಕಡಿಮೆ. ಅರ್ಧ ಮುಂಗಡ. ಯುಗಾದಿ ಆದ ಮೇಲೆ ಮಾಲು. ಅವರು ಕಾರ್ಡು ಕೊಟ್ಟು, ಯೋಚಿಸುತ್ತೇನೆಂದು ಹೋದರು.

ತಾಂಡೂರಿನ ಮಗಳಿಗೆ ಬೇಸರ. ಇನ್ನೂರು ಕವರು ಅಂದರೆ ಲಕ್ಷ ರೂಪಾಯಿ ಕೈಬಿಟ್ಟಂತೆ. ಸೊಸೆ ಲೆಕ್ಕ ತೋರಿಸಿದಳು: ಕೈಯಲ್ಲಿ ಹೊಲಿದರೆ ಆ ಲಕ್ಷಕ್ಕೆ ಮೂರು ಸಾವಿರದ ಆರುನೂರು ತಾಸು. ಸಾಮಾನಿನ ಖರ್ಚು ಕಳೆದರೆ ತಾಸಿಗೆ ಇಪ್ಪತ್ತೆರಡು ರೂಪಾಯಿ ಬೀಳುತ್ತದೆ. ತೊಗರಿ ಕಟಾವಿಗೆ ಹೋಗುವುದೇ ಮೇಲು.

31 ಜನವರಿ, ಬುಧವಾರ

ಯಾಡಿ ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಿದ್ದುದನ್ನು ನೋಡಿ ನೋಡಿ, ಇವತ್ತು ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಗೆ ಕರೆದೊಯ್ದೆ. 1987ರಲ್ಲಿ ಡಾ. ಗುಳ್ಳಪಲ್ಲಿ ಎನ್. ರಾವ್ ಕಟ್ಟಿದ ಆಸ್ಪತ್ರೆ. ಹಣ ಕೊಡಲಾಗದವರಿಗೆ ಚಿಕಿತ್ಸೆ ಉಚಿತ. ಪೊರೆ ಇನ್ನೂ ಬಲಿತಿಲ್ಲ, ಹತ್ತಿರದ ನೋಟಕ್ಕೆ ಚಾಳೀಸು ಸಾಕು ಎಂದರು. ಸೊಸೆಗೂ ನಲವತ್ತು ದಾಟಿದೆ, ಅವಳಿಗೂ ಬಂತು. ಹಾಕಿಕೊಂಡ ಯಾಡಿ ಮೊದಲು ನೋಡಿದ್ದು ತನ್ನದೇ ಚೀಲದ ಹೊಲಿಗೆಯನ್ನು. “ಇಷ್ಟು ಸೊಟ್ಟ ಹಾಕೀನೇನು!” ಎಂದು ಜೋರಾಗಿ ನಕ್ಕಳು. ಸಾಲಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಓದಿದ ನೆನಪು: ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕೂಲಿಯವರಿಗೆ ಹತ್ತಿರದ ಕನ್ನಡಕ ಕೊಟ್ಟು ನೋಡಿದಾಗ ಎಲೆ ಕೊಯ್ಲು ಶೇ. 20ಕ್ಕೂ ಮೇಲೆ ಹೆಚ್ಚಿತ್ತು. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನ. ಎಲೆ ಕೊಯ್ಯುವವರಿಗೇ ಅಷ್ಟಾದರೆ, ಕಡ್ಡಿ ತಲೆಯಷ್ಟು ಮಣಿ ಪೋಣಿಸುವವರಿಗೆ? ಕಸೂತಿಯ ತರಬೇತಿ, ವಿನ್ಯಾಸ ಶಿಬಿರ ಎಂದು ಎಷ್ಟೋ ಯೋಜನೆಗಳ ಕಡತ ನನ್ನ ಮೇಜಿನ ಮೇಲೆ ಹಾದುಹೋಗಿವೆ. ಕನ್ನಡಕಕ್ಕೆಂದು ಒಂದು ಸಾಲೂ ಯಾವುದರಲ್ಲೂ ಇರಲಿಲ್ಲ.

ಆಸ್ಪತ್ರೆ ಇರುವುದು ಬಂಜಾರಾ ಹಿಲ್ಸ್‌ನಲ್ಲಿ. ಬಂಡೆ, ಪೊದೆಗಳ ಈ ಗುಡ್ಡದಲ್ಲಿ ಬಂಜಾರರು, ಅಂದರೆ ಲಂಬಾಣಿಗರೇ, ಬೀಡು ಬಿಡುತ್ತಿದ್ದರು. ನಿಜಾಮರ ಅಧಿಕಾರಿ ಮೆಹದಿ ನವಾಜ್ ಜಂಗ್ ಇಲ್ಲಿ ಮೊದಲು ಬಂಗಲೆ ಕಟ್ಟಿ ಅದಕ್ಕೆ ಬಂಜಾರಾ ಭವನ ಎಂದೇ ಹೆಸರಿಟ್ಟ. ಶ್ರೀಮಂತರು ಒಬ್ಬೊಬ್ಬರಾಗಿ ಬಂದರು, ಹೆಸರು ಮಾತ್ರ ಉಳಿಯಿತು. ಸರ್ಕಾರ 2022ರ ಸೆಪ್ಟೆಂಬರ್ 17ರಂದು ಇಲ್ಲಿಯೇ ಲಂಬಾಣಿಗರ ಸಂತ ಸೇವಾಲಾಲರ ಹೆಸರಿನ ಬಂಜಾರಾ ಭವನ ತೆರೆದಿದೆ. ಬರುವಾಗ ಆಟೊ ಅದರ ಮುಂದೆ ನಿಲ್ಲಿಸಿದೆ. ಯಾಡಿ ಇಳಿದು ಕೈಮುಗಿದಳು, ಹೊಸ ಚಾಳೀಸು ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿದಳು.

13 ಫೆಬ್ರುವರಿ, ಮಂಗಳವಾರ

ನುಮಾಯಿಷ್ ಮುಗಿಯುವವರೆಗೆ ನಿಲ್ಲಲಿಲ್ಲ. ಹದಿನೈದಕ್ಕೆ ಸೇವಾಲಾಲ್ ಜಯಂತಿ, ತಾಂಡಾದಲ್ಲಿ ಭೋಗ್. ಸಂತ ಹುಟ್ಟಿದ್ದು ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಎಂದು ನಾವು, ಗುತ್ತಿಯ ಹತ್ತಿರ ಎಂದು ಆಂಧ್ರದವರು. ಯಾಡಿಗೆ ಆ ತಕರಾರು ಬೇಡ. ತುಪ್ಪ ಬೆಲ್ಲ ಬೆಂಕಿಗೆ ಬಿದ್ದರೆ ಸಾಕು.

ರಾತ್ರಿ ಹಾಸಿಗೆಯ ಮೇಲೆ ರೊಕ್ಕ ಹರಡಿ ಲೆಕ್ಕ ಮಾಡಿದರು. ಮಾಲು ಕೊಟ್ಟ ಹನ್ನೊಂದು ಹೆಂಗಸರಿಗೆ ತಾಸಿನ ಲೆಕ್ಕದಲ್ಲಿ ಹಂಚಿ ಚೀಟಿಯಲ್ಲಿ ಸುತ್ತಿಟ್ಟರು. ಗುಂಪಿನ ಪೆಟ್ಟಿಗೆಯ ಹಣ ಬೇರೆ. ತಾಂಡೂರಿನ ಮಗಳು ಅದರಿಂದ ಹೊಲಿಗೆ ಮಷೀನು ತರೋಣ ಅಂದಳು. ಸೊಸೆ, ಸೇವಾಲಾಲ್ ಗುಡಿಗೆ ಗಂಟೆ ಎಂದು ಹೇಳಿ ಬಂದಿದ್ದೇವಲ್ಲ ಅಂದಳು. ಯಾಡಿ ತನ್ನ ಚಾಳೀಸು ತೆಗೆದು ರೊಕ್ಕದ ಮೇಲಿಟ್ಟಳು. “ಮೊದಲು ಇದು. ಎಲ್ಲಾರಿಗೂ.” ಮುಂದಿನ ವಾರ ಚಿಂಚೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ, ಬೇಕಾದವರಿಗೆಲ್ಲ ಕನ್ನಡಕ ಎಂದು ತೀರ್ಮಾನವಾಯಿತು. ಉಳಿದರೆ ಗಂಟೆ. ಮಷೀನು ಮುಂದಿನ ವರ್ಷದ ಮಾತು.

6 ಮಾರ್ಚ್, ಬುಧವಾರ

ಈ ವಾರದ ಪತ್ರಿಕೆಗಳಲ್ಲಿ ಹೈದರಾಬಾದಿನ ಅರಗಿನ ಬಳೆಗೆ ಭೌಗೋಳಿಕ ಸೂಚಿಕೆ ಸಿಕ್ಕ ಸುದ್ದಿ. ಸಂಜೆ ಲಾಡ್ ಬಜಾರಿಗೆ ಹೋಗಿದ್ದೆ. ಚಾರ್‌ಮಿನಾರಿನ ಪಕ್ಕದ ಆ ಬೀದಿಯಲ್ಲಿ ದೀಪಕ್ಕಿಂತ ಬಳೆಯೇ ಹೆಚ್ಚು ಬೆಳಗುತ್ತದೆ. ಅಂಗಡಿಯವರು ಸಿಹಿ ಹಂಚುತ್ತಿದ್ದರು.

ಪರಿಚಯದ ಮನೆಯೊಂದರಲ್ಲಿ ಕೆಲಸ ನೋಡಿದೆ. ಇದ್ದಲಿನ ಒಲೆಯ ಮೇಲೆ ಅರಗನ್ನು ಕಾಯಿಸಿ, ಹೊಸೆದು ಕಡ್ಡಿ ಮಾಡಿ, ಅಚ್ಚಿಗೆ ಸುತ್ತಿ ಬಳೆ. ಅರಗು ಮೆತ್ತಗಿರುವಾಗಲೇ ಕಲ್ಲುಗಳನ್ನು ಒಂದೊಂದಾಗಿ ಒತ್ತಬೇಕು. ಗಂಡಸರು ಒಲೆಯ ಮುಂದೆ, ಕಲ್ಲು ಕೂರಿಸುವ ಹೆಂಗಸರು ಒಳಕೋಣೆಯಲ್ಲಿ. ಜೋಡಿಯ ಲೆಕ್ಕದಲ್ಲಿ ಕೂಲಿ, ತಾಸು ಯಾರೂ ಬರೆಯುವುದಿಲ್ಲ. ಪ್ರಮಾಣಪತ್ರದಿಂದ ನಕಲಿ ಮಾಲಿಗೆ ‘ಹೈದರಾಬಾದ್’ ಎಂದು ಹೆಸರಿಡುವುದಕ್ಕೆ ತಡೆ ಬೀಳುತ್ತದೆ. ಅದು ಸಣ್ಣ ಗೆಲುವಲ್ಲ. ಜೋಡಿಗೆ ಎಷ್ಟು ಎಂಬುದನ್ನು ಮಾತ್ರ ಆ ಕಾಗದ ಹೇಳುವುದಿಲ್ಲ. ಅದನ್ನು ಒಳಕೋಣೆಯಲ್ಲಿ ಕೂತವರೇ ಹೇಳಬೇಕು, ಹೇಳಲು ಅವರ ಕೈಯಲ್ಲೊಂದು ವಹಿ ಬೇಕು. ಸೊಸೆಯ ನೋಟುಪುಸ್ತಕದ ಒಂದು ಪುಟದ ಫೋಟೊ ಫೋನಿನಲ್ಲಿತ್ತು, ಆ ಮನೆಯ ಹಿರಿಯ ಹೆಂಗಸಿಗೆ ತೋರಿಸಿದೆ. ಆಕೆ ಕನ್ನಡ ಓದಲಾರಳು. ಅಂಕಿ ಓದಿದಳು. “ಇತ್ನಾ ಲಿಖ್ತೀ ವೋ?” ಎಂದು ಎರಡು ಸಲ ಕೇಳಿದಳು.

30 ಮಾರ್ಚ್, ಶನಿವಾರ

ಸೊಸೆಯ ಫೋನು. ಬುಟಿಕ್‌ನವರು ಒಪ್ಪಿದ್ದಾರಂತೆ, ಅರವತ್ತಕ್ಕೆ. ಆದರೆ ಒಂದು ಚೌಕಾಸಿ. ಕನ್ನಡಕ ಬಂದ ಮೇಲೆ ಕೆಲಸ ಚುರುಕಾಗಿದೆ, ಹದಿನೆಂಟು ತಾಸಿನದು ಹದಿನೈದಕ್ಕೆ ಮುಗಿಯುತ್ತಿದೆ ಎಂದು ತಾಂಡೂರಿನ ಮಗಳು ಖುಷಿಯಲ್ಲಿ ಅವರಿಗೆ ಹೇಳಿಬಿಟ್ಟಿದ್ದಾಳೆ. ಹಾಗಾದರೆ ಮೂರು ತಾಸಿನ ಕೂಲಿ ಇಳಿಸಿ ಎಂದಿದ್ದಾರೆ ಅವರು. ನಮ್ಮದೇ ಲೆಕ್ಕ ನಮಗೇ ತಿರುಗಿ ಬಂತು.

ಯಾಡಿ ಏನಂದಳು ಎಂದು ಕೇಳಿದೆ. ಅವಳೇ ಫೋನು ಇಸಿದುಕೊಂಡಳು. “ಕಣ್ಣು ನಮ್ಮದು, ಚಾಳೀಸಿನ ರೊಕ್ಕ ನಮ್ಮದು, ಉಳಿದ ತಾಸು ಅವ್ರದು ಹೆಂಗಾಯ್ತು ರೀ? ಬಟ್ಟಿ ಮ್ಯಾಲಿನ ಹೊಲಿಗಿ ಕಮ್ಮಿ ಆಗ್ಯಾವೇನು?”

ಅಷ್ಟರಲ್ಲಿ ಉದ್ಯೋಗ ಖಾತ್ರಿಯ ಹೊಸ ದರವೂ ಪ್ರಕಟವಾಗಿದೆ. ಏಪ್ರಿಲ್ ಒಂದರಿಂದ ಕರ್ನಾಟಕದಲ್ಲಿ 349 ರೂಪಾಯಿ, ತೆಲಂಗಾಣದಲ್ಲಿ 300. ಸೊಸೆ ಇದನ್ನೂ ನನಗಿಂತ ಮೊದಲೇ ತಿಳಿದುಕೊಂಡಿದ್ದಳು. ತಾಂಡೂರಿನ ಮಗಳು ಆಚೆ ರಾಜ್ಯದವಳಾದರೂ ಅವಳ ತಾಸಿಗೂ ಕರ್ನಾಟಕದ ದರವೇ ಎಂದು ಗುಂಪು ಗೊತ್ತುಮಾಡಿದೆ. ಬುಟಿಕ್‌ಗೆ ಹೇಳಿದ ಎಂಟುನೂರ ಐವತ್ತರ ಮಾತು ಮುರಿಯುವುದಿಲ್ಲ, ಒಂದು ರೂಪಾಯಿ ಇಳಿಸುವುದೂ ಇಲ್ಲ. ಮುಂದಿನ ಆರ್ಡರಿನಿಂದ ಹೊಸ ಬೆಲೆ. ಸಂಜೆ ಅವರೂ ಒಪ್ಪಿ ಮುಂಗಡ ಹಾಕಿದರು; ಖಾತೆಗೆ ಬಂದ ಸಂದೇಶವನ್ನು ಸೊಸೆ ನನಗೂ ಕಳಿಸಿದಳು.

ನಾಳೆ ಬೇಗಂ ಬಜಾರಿನಿಂದ ಅರವತ್ತು ಕವರಿಗೆ ಬೇಕಾಗುವ ಕನ್ನಡಿ, ಮಣಿ ಕಳಿಸಬೇಕು. ಗಾಜಿನದೇ, ಬಣ್ಣ ಬಿಡದ್ದು. ಜೊತೆಗೆ ಹೊಸ ವಹಿ ಎರಡು: ಒಂದು ತಾಂಡಾಕ್ಕೆ, ಇನ್ನೊಂದು ಲಾಡ್ ಬಜಾರಿನ ಆ ಒಳಕೋಣೆಗೆ. ಅಲ್ಲಿಂದ ನಿನ್ನೆ ಹೇಳಿ ಕಳಿಸಿದ್ದಾರೆ.